ಹಳೇ ಲಾರಿ, ಹಠಮಾರಿ ಗೇರ್ ಬಾಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಒಂದು ಹಳೇ 407 ಇದೆ. ಟಾಟಾದವರು ಈ ಮಾಡೆಲ್ ಬಿಟ್ಟಿದ್ದು 1986ರಲ್ಲಿ. ನನ್ನ ಗಾಡಿ ಅಷ್ಟು ಹಳೇದಲ್ಲ, ಆದರೆ ನನಗಿಂತ ಮುಂಚೆ ಮೂರು ಮಾಲೀಕರ ಕೈ ದಾಟಿ ಬಂದಿದೆ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಿಂದ ಉಳ್ಳಾಗಡ್ಡಿ, ಬ್ಯಾಡಗಿಯಿಂದ ಮೆಣಸಿನಕಾಯಿ, ಗದಗಿನ ಕಡೆಯಿಂದ ಶೇಂಗಾ, ಏನು ಸಿಕ್ಕರೂ ಹೇರುತ್ತೇನೆ. ಗಿರಮಿಟ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರೆ ಸಾಕು, ಯಾರಾದರೊಬ್ಬರು ಬಂದು ತಮ್ಮ ಗೇರ್ ಬಾಕ್ಸಿನ ಕಥೆ ತೆಗೆಯುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ನಾನು ಮಿಸ್ತ್ರಿ ಅಲ್ಲ. ಮಿಸ್ತ್ರಿಗಳಿಗೆ ದುಡ್ಡು ಕೊಟ್ಟು ಕೊಟ್ಟು ಕಲಿತವನು.

ಗೇರ್ ಹಾಕುವಾಗ ಕರ್ರ್ ಅನ್ನುತ್ತದೆ. ಗೇರ್ ಬಾಕ್ಸ್ ಹೋಯ್ತಾ?

ಇಷ್ಟಕ್ಕೇ ಹೋಯ್ತು ಅನ್ನಬೇಡಿ. ಮೊದಲು ಕ್ಲಚ್ ಮೇಲೆ ಅನುಮಾನ ಪಡಿ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಸ್ಲೋದಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ಹಿಡಿದು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆಮೇಲೆ ಬ್ಯಾಕ್ ಗೇರ್ ಹಾಕಿ. ಹೆಚ್ಚಿನ ಹಳೇ ಗಾಡಿಗಳಲ್ಲಿ ಬ್ಯಾಕ್ ಗೇರಿಗೆ ಸಿಂಕ್ರೋ, ಅಂದರೆ ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ರಿಂಗ್, ಇರುವುದಿಲ್ಲ. ಕ್ಲಚ್ ಸರಿಯಾಗಿ ಬಿಟ್ಟಿದ್ದರೆ, ಅಂದರೆ ಎಂಜಿನ್ನನ್ನು ಗೇರ್ ಬಾಕ್ಸಿನಿಂದ ಪೂರ್ತಿ ಬೇರೆ ಮಾಡಿದ್ದರೆ, ಹತ್ತು ಎಣಿಸುವಷ್ಟರಲ್ಲಿ ಒಳಗಿನ ಗೇರುಗಳು ತಿರುಗುವುದು ನಿಂತಿರುತ್ತದೆ, ಸದ್ದಿಲ್ಲದೆ ಬೀಳುತ್ತದೆ. ಹತ್ತು ಎಣಿಸಿದ ಮೇಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಇನ್ನೊಂದು ಗುರುತು: ಎಂಜಿನ್ ಬಂದ್ ಇದ್ದಾಗ ಎಲ್ಲ ಗೇರೂ ಬೆಣ್ಣೆಯ ಹಾಗೆ ಬೀಳುತ್ತವೆ, ಚಾಲೂ ಮಾಡಿದ ಕೂಡಲೇ ಒಂದೂ ಬೀಳುವುದಿಲ್ಲ. ಇದೂ ಕ್ಲಚ್ಚಿನ ಕೆಲಸವೇ.

ಕ್ಲಚ್ ಬಿಡದಿರಲು ಕಾರಣ ಬಹಳ ಸಲ ಸಣ್ಣದಿರುತ್ತದೆ. ಕೇಬಲ್ ಇದ್ದರೆ ಎಳೆದಿರುತ್ತದೆ, ರಾಡ್ ಇದ್ದರೆ ಅಡ್ಜಸ್ಟ್ ತಪ್ಪಿರುತ್ತದೆ. ಆಯಿಲ್ ಕ್ಲಚ್ ಆದರೆ ಮೇಲಿನ ಅಥವಾ ಕೆಳಗಿನ ಸಿಲಿಂಡರಿನ ರಬ್ಬರ್ ಹೋಗಿರುತ್ತದೆ, ಇಲ್ಲವೇ ಗಾಳಿ ಸೇರಿರುತ್ತದೆ. ಎರಡು ಮೂರು ಸಲ ಪೆಡಲ್ ಹೊಡೆದ ಮೇಲೆ ಗೇರ್ ಸಲೀಸಾಗಿ ಬಿದ್ದರೆ ಗಾಳಿ ಅಥವಾ ಸಿಲಿಂಡರ್ ಅಂತ ತಿಳಿಯಿರಿ. ಕೆಲವು ನೂರು ರೂಪಾಯಿಯ ಕಿಟ್‌ನಲ್ಲಿ ಮುಗಿಯುವ ಕೆಲಸಕ್ಕೆ ಇಡೀ ಡಬ್ಬಿ, ಅಂದರೆ ಗೇರ್ ಬಾಕ್ಸನ್ನೇ, ಇಳಿಸಿದವರನ್ನು ನಾನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಕ್ಲಚ್ ಸರಿ ಇದ್ದು, ಬರೀ ಎರಡನೇ ಗೇರಿಗೋ ಮೂರನೇ ಗೇರಿಗೋ ಮಾತ್ರ ಕರ್ರ್ ಅಂದರೆ ಆಗ ಆ ಗೇರಿನ ಸಿಂಕ್ರೋ ರಿಂಗ್ ಸವೆದಿದೆ. ನಮ್ಮ ಮಿಸ್ತ್ರಿಗಳು ಇದನ್ನೇ ಬ್ರಾಸ್ ರಿಂಗ್, ಹಿತ್ತಾಳೆ ರಿಂಗ್ ಅನ್ನುತ್ತಾರೆ. ಎರಡು ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ತಿಕ್ಕಿ ಒಂದೇ ವೇಗಕ್ಕೆ ತರುವುದು ಅದರ ಕೆಲಸ. ಅದು ಸವೆದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ.

ಡಬ್ಬಿಯಿಂದ ಸದ್ದು ಬರುತ್ತಿದೆ. ಬಿಚ್ಚದೆ ಏನಾದರೂ ಗೊತ್ತಾಗುತ್ತಾ?

ಬಹಳಷ್ಟು ಗೊತ್ತಾಗುತ್ತದೆ. ಎಡಗಾಲು ಮತ್ತು ಕಿವಿ, ಎರಡೇ ಸಾಕು. ಬೆಳಿಗ್ಗೆ ಗದ್ದಲ ಶುರುವಾಗುವ ಮುಂಚೆ, ಎಪಿಎಂಸಿ ಗೋಡೆ ಪಕ್ಕ ನಿಲ್ಲಿಸಿ ಕೇಳಿ. ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಚೆನ್ನಾಗಿ ಕೇಳಿಸುತ್ತದೆ.

ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಿ, ಕಾಲು ಕ್ಲಚ್ ಮೇಲೆ ಬೇಡ. ಬೀಸುವ ಕಲ್ಲಿನ ಹಾಗೆ ಗರ್ರ್ ಅನ್ನುತ್ತಿದೆಯಾ? ಈಗ ಕ್ಲಚ್ ಒತ್ತಿ. ಸದ್ದು ನಿಧಾನಕ್ಕೆ ಇಳಿದು ನಿಂತರೆ ಎಂಜಿನ್ ಕಡೆಯಿಂದ ಬರುವ ಮುಂದಿನ ಶಾಫ್ಟಿನ ಬೇರಿಂಗ್, ಇಲ್ಲವೇ ಕೆಳಗೆ ತಿರುಗುವ ಲೇ ಶಾಫ್ಟಿನ ಬೇರಿಂಗ್. ಏಕೆಂದರೆ ನ್ಯೂಟ್ರಲ್‌ನಲ್ಲೂ ಈ ಎರಡು ಶಾಫ್ಟು ತಿರುಗುತ್ತಲೇ ಇರುತ್ತವೆ, ಕ್ಲಚ್ ಒತ್ತಿದಾಗ ಮಾತ್ರ ನಿಲ್ಲುತ್ತವೆ.

ಅದೇ ಉಲ್ಟಾ ಆದರೆ, ಅಂದರೆ ಸುಮ್ನೆ ಇದ್ದ ಗಾಡಿ ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಕೀಂ ಅಂತ ಕೂಗಿದರೆ, ಅದು ಕ್ಲಚ್ಚನ್ನು ಒತ್ತುವ ರಿಲೀಸ್ ಬೇರಿಂಗ್. ಗೇರ್ ಬಾಕ್ಸಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಬದಲಾಯಿಸಲು ಡಬ್ಬಿ ಇಳಿಸಲೇಬೇಕು. ಪೆಡಲ್ ಪೂರ್ತಿ ತಳಕ್ಕೆ ಹೋಗಿ, ಗಾಡಿ ಗೇರಿನಲ್ಲಿ ನಿಂತಿರುವಾಗ ಮಾತ್ರ ಸದ್ದು ಬಂದರೆ ಫ್ಲೈವೀಲ್ ನಡುವೆ ಕೂತಿರುವ ಪೈಲಟ್ ಬೇರಿಂಗ್ ನೋಡಿಸಿ.

ಓಡುವಾಗ ಒಂದೇ ಗೇರಿನಲ್ಲಿ ಸದ್ದಿದ್ದರೆ ಆ ಗೇರಿನ ಹಲ್ಲು. ಎಲ್ಲ ಗೇರಿನಲ್ಲೂ ಸದ್ದಿದ್ದು ಡೈರೆಕ್ಟ್ ಗೇರಿಗೆ ಬಂದಾಗ ಕಡಿಮೆಯಾದರೆ ಲೇ ಶಾಫ್ಟಿನ ಬೇರಿಂಗ್. ಹಳೇ ಲಾರಿಗಳಲ್ಲಿ ಸಾಮಾನ್ಯವಾಗಿ ಟಾಪ್ ಗೇರೇ ಡೈರೆಕ್ಟ್, ಓವರ್‌ಡ್ರೈವ್ ಇದ್ದರೆ ಅದರ ಕೆಳಗಿನದು. ಡೈರೆಕ್ಟ್ ಗೇರಿನಲ್ಲಿ ಎಂಜಿನ್ನಿನ ಬಲ ಮುಂದಿನ ಶಾಫ್ಟಿನಿಂದ ನೆಟ್ಟಗೆ ಹಿಂದಕ್ಕೆ ಹೋಗುತ್ತದೆ. ಲೇ ಶಾಫ್ಟ್ ತಿರುಗುತ್ತದೆ, ಆದರೆ ಹೊರೆ ಇರುವುದಿಲ್ಲ. ಹೊರೆ ಇಳಿಸಿದ ಹಮಾಲನ ಹಾಗೆ ಅದೂ ಸ್ವಲ್ಪ ಸುಮ್ಮನಾಗುತ್ತದೆ.

ಇನ್ನು ಗಾಡಿ ಎತ್ತುವಾಗ ಟಕ್ ಅಂತ ಒಂದೇ ಏಟು ಕೇಳಿದರೆ ಡಬ್ಬಿಯನ್ನು ಬೈಯಬೇಡಿ. ಡಬ್ಬಿಯಿಂದ ಹಿಂದಿನ ಗಾಲಿಗಳ ಕಡೆ ಬಲ ಒಯ್ಯುವ ಜಾಯಿಂಟ್ ಶಾಫ್ಟಿನ ಕ್ರಾಸ್ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಅಲ್ಲೇ ಉತ್ತರ ಸಿಕ್ಕಿತು. ಶಾಫ್ಟಿನ ನಡುವೆ ಇರುವ ಸೆಂಟರ್ ಬೇರಿಂಗನ್ನೂ ನೋಡಿ, ಅದರ ಗೊರಗೊರ ಸದ್ದು ಗೇರ್ ಬಾಕ್ಸಿನದೇ ಅನ್ನಿಸುವಷ್ಟು ಮೋಸ ಮಾಡುತ್ತದೆ.

ಓಡುತ್ತಿರುವಾಗಲೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯುತ್ತದೆ. ಹಾಗೇ ಓಡಿಸಬಹುದಾ?

ಬಯಲು ನಾಡಿನಲ್ಲಿ ಮನೆ ಮುಟ್ಟುವ ತನಕ, ಹಗುರ ಲೋಡಿನಲ್ಲಿ, ಓಡಿಸಿಕೊಳ್ಳಿ. ಘಾಟಿಗೆ ಮಾತ್ರ ಇಳಿಯಬೇಡಿ.

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ತರಕಾರಿ ಹೊಡೆಯುತ್ತಿದ್ದ ಕಾಲ. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುತ್ತಿದ್ದೆ. ಮೂರನೇ ಗೇರ್ ಒಂದು ವಾರದಿಂದ ಜಿಗಿಯುತ್ತಿತ್ತು, ಗೊತ್ತಿತ್ತು. ಕ್ಲೀನರ್ ಹುಡುಗನಿಗೆ ಲಿವರ್ ಹಿಡಿದುಕೊಂಡು ಕೂರು ಅಂದಿದ್ದೆ. ಒಂದು ತಿರುವಿನಲ್ಲಿ ಅವನ ಅಂಗೈಯನ್ನೇ ತಳ್ಳಿಕೊಂಡು ಲಿವರ್ ನಡುವಿಗೆ ಬಂತು. ಎಂಜಿನ್ನಿನ ಗುಯ್ ಅನ್ನುವ ಸದ್ದು ಒಮ್ಮೆಲೇ ತಗ್ಗಿತು. ಆ ನಿಶ್ಶಬ್ದ ಇದೆಯಲ್ಲ, ಅದಕ್ಕಿಂತ ಭಯದ ಸದ್ದು ನಾನು ಕೇಳಿಲ್ಲ. ಹಿಂದಿನ ಲೋಡು ಗಾಡಿಯನ್ನು ನೂಕುತ್ತಿದೆ, ಹಿಡಿಯಲು ಬ್ರೇಕ್ ಬಿಟ್ಟರೆ ಬೇರೇನಿಲ್ಲ. ನಿಲ್ಲಿಸುವಷ್ಟರಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಕ್ಯಾಬಿನ್ ತುಂಬಿತ್ತು. ಹುಡುಗ ಕೆಳಗೆ ಹಾರಿ ಗಾಲಿಗೆ ಕಲ್ಲು ಕೊಟ್ಟ. ಅರ್ಧ ಗಂಟೆ ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಎರಡನೇ ಗೇರಿನಲ್ಲಿ, ಆಮೆಯ ಹಾಗೆ ಇಳಿದೆವು.

ಜಿಗಿಯಲು ಕಾರಣಗಳು ಹಲವು, ಎಲ್ಲವೂ ಒಂದೇ ಬೆಲೆಯವಲ್ಲ. ಅಗ್ಗದ್ದರಿಂದ ಶುರು ಮಾಡಿ. ಡಬ್ಬಿಯ ಮೌಂಟಿಂಗ್ ರಬ್ಬರ್ ಹರಿದಿದ್ದರೆ, ಡಬ್ಬಿಯನ್ನು ಎಂಜಿನ್ನಿಗೆ ಜೋಡಿಸುವ ಬೆಲ್ ಹೌಸಿಂಗ್ ಬೋಲ್ಟ್ ಸಡಿಲವಾಗಿದ್ದರೆ ಲೋಡಿಗೆ ಡಬ್ಬಿಯೇ ಅಲುಗಾಡುತ್ತದೆ. ಲಿವರಿನಿಂದ ಡಬ್ಬಿಗೆ ರಾಡ್ ಹೋಗುವ ಗಾಡಿಗಳಲ್ಲಿ ಬುಷ್ ಸವೆದು ಗೇರ್ ಅರ್ಧಕ್ಕೇ ಬೀಳುತ್ತಿರುತ್ತದೆ. ನೀವು ಬಿತ್ತು ಅಂದುಕೊಂಡಿರುತ್ತೀರಿ, ಅದು ಹೊಸ್ತಿಲ ಮೇಲೆ ಕೂತಿರುತ್ತದೆ. ಇದಾದ ಮೇಲೆ ಮೇಲಿನ ಕವರಿನಲ್ಲಿರುವ ಸೆಲೆಕ್ಟರ್ ರಾಡಿನ ಗುಂಡು ಮತ್ತು ಸ್ಪ್ರಿಂಗ್. ಗೇರ್ ಬಿದ್ದಾಗ ಕೈಗೆ ಒಂದು ಟಿಕ್ ಅನುಭವ ಆಗುತ್ತದಲ್ಲ, ಅದು ಈ ಗುಂಡು ತನ್ನ ಗುಳಿಯಲ್ಲಿ ಕೂರುವುದು. ಸ್ಪ್ರಿಂಗ್ ಸೋತರೆ ಗುಂಡು ಹಿಡಿಯುವುದಿಲ್ಲ. ಬಹಳ ಗಾಡಿಗಳಲ್ಲಿ ಇದನ್ನು ಡಬ್ಬಿ ಇಳಿಸದೆ, ಕವರ್ ತೆಗೆದೇ ಮಾಡಬಹುದು.

ಇವೆಲ್ಲ ಸರಿ ಇದ್ದೂ ಜಿಗಿದರೆ ಗೇರ್ ಸರಿಸುವ ಫೋರ್ಕ್ ಸವೆದಿದೆ, ಅಥವಾ ಅದು ತಳ್ಳುವ ಸ್ಲೀವಿನ ಒಳಗಿನ ಹಲ್ಲಿನ ಮೂಲೆ ದುಂಡಗಾಗಿದೆ, ಅಥವಾ ಶಾಫ್ಟು ಮುಂದೆ ಹಿಂದೆ ಆಡುತ್ತಿದೆ. ಆಗ ಇಳಿಸದೆ ಗತಿ ಇಲ್ಲ.

ಲಿವರಿಗೆ ಸೈಕಲ್ ಟ್ಯೂಬ್ ಕಟ್ಟಿ ಸೀಟಿಗೆ ಬಿಗಿಯುವವರಿದ್ದಾರೆ. ದಿನವಿಡೀ ಲಿವರ್ ಮೇಲೆ ಕೈ ಇಟ್ಟು ಓಡಿಸುವವರೂ ಇದ್ದಾರೆ. ಎರಡರಲ್ಲೂ ಫೋರ್ಕು ತಿರುಗುವ ಸ್ಲೀವಿಗೆ ಸದಾ ಒತ್ತಿಕೊಂಡು ಇನ್ನೂ ಬೇಗ ಸವೆಯುತ್ತದೆ.

ಯಾವ ಎಣ್ಣೆ ಹಾಕಬೇಕು?

ಗಾಡಿಯ ಪುಸ್ತಕದಲ್ಲಿ ಬರೆದದ್ದು. ಪುಸ್ತಕ ಯಾರ ಹತ್ತಿರ ಇದೆ ಅನ್ನುತ್ತೀರಾ? ಸರಿ. ಇಂಥ ಹಳೇ ಲಾರಿಗಳ ಡಬ್ಬಿಗೆ ಸಾಮಾನ್ಯವಾಗಿ ನಡೆಯುವುದು 80ಡಬ್ಲ್ಯೂ-90 ಗೇರ್ ಆಯಿಲ್, ಜಿಎಲ್-4 ದರ್ಜೆ. ಅಂಗಡಿಯವರು "ಇದು ಇನ್ನೂ ಸ್ಟ್ರಾಂಗ್ ರೀ" ಅಂತ ಜಿಎಲ್-5 ಕೊಡುತ್ತಾರೆ. ಅದು ಹಿಂದಿನ ಗಾಲಿಗಳ ನಡುವಿನ ಹೌಸಿಂಗಿಗೆ, ಅದರೊಳಗಿನ ಕ್ರೌನ್ ಪಿನಿಯನ್ ಗೇರುಗಳಿಗೆ ಒಳ್ಳೇದು. ಗೇರ್ ಬಾಕ್ಸಿನೊಳಗೆ ಹಿತ್ತಾಳೆ ರಿಂಗ್ ಇರುತ್ತವೆ. ಜಿಎಲ್-5ರಲ್ಲಿ ಗಂಧಕದ ಜಾತಿಯ ಮಸಾಲೆ ಜಾಸ್ತಿ, ಅದು ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನಬಹುದು. ಅಷ್ಟೇ ಅಲ್ಲ, ಅದರ ಜಾರು ಜಾಸ್ತಿಯಾದರೆ ರಿಂಗ್ ಹಿಡಿಯಬೇಕಾದಲ್ಲಿ ಹಿಡಿಯುವುದಿಲ್ಲ.

ಎಷ್ಟು ಹಾಕಬೇಕು ಅಂದರೆ, ಪಕ್ಕದ ಫಿಲ್ಲರ್ ತೂತಿನ ಅಂಚಿನ ತನಕ. ಗಾಡಿ ಸಮತಟ್ಟಾಗಿರಲಿ, ಬೆರಳು ಹಾಕಿದರೆ ತುದಿಗೆ ಎಣ್ಣೆ ತಾಗಬೇಕು. ಜಾಸ್ತಿ ಹಾಕಿದರೆ ನೊರೆ ಬಂದು ಸೀಲಿನಿಂದ ಹೊರಗೆ ಬರುತ್ತದೆ. ಮುಂದಿನ ಸೀಲಿನಿಂದ ಬಂದರೆ ಕ್ಲಚ್ ಪ್ಲೇಟ್ ನೆನೆದು ಅದೂ ಜಾರಲು ಶುರು. ಇನ್ನೊಂದು ಮಾತು, ಕೆಳಗಿನ ಬೋಲ್ಟ್ ಬಿಚ್ಚುವ ಮುಂಚೆ ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ಎಣ್ಣೆಯೆಲ್ಲ ಇಳಿಸಿದ ಮೇಲೆ ತುಂಬುವ ಬೋಲ್ಟ್ ತುಕ್ಕು ಹಿಡಿದು ಕೂತಿದ್ದು ಗೊತ್ತಾದರೆ ಗಾಡಿ ಅಲ್ಲೇ ಠಿಕಾಣಿ.

ಇಳಿಸಿದ ಎಣ್ಣೆಯಲ್ಲಿ ಏನು ನೋಡಬೇಕು?

ಒಂದು ಟ್ರಿಪ್ ಮುಗಿಸಿ ಬಿಸಿ ಇರುವಾಗಲೇ ಇಳಿಸಿ. ಅಗಲವಾದ ಬೋಗುಣಿಯಲ್ಲಿ ಹಿಡಿದು ಬಿಸಿಲಿಗೆ ಹಿಡಿಯಿರಿ. ಚಿನ್ನದ ಪುಡಿ ಉದುರಿಸಿದ ಹಾಗೆ ಹೊಳೆದರೆ ಅದು ಹಿತ್ತಾಳೆ, ರಿಂಗುಗಳು ಸವೆಯುತ್ತಿವೆ. ಡ್ರೈನ್ ಬೋಲ್ಟಿಗೆ ಮ್ಯಾಗ್ನೆಟ್ ಇದ್ದರೆ ಅದರ ಮೇಲೆ ಕಾಡಿಗೆಯಂಥ ಮೆತ್ತನೆ ಪೇಸ್ಟ್ ಇರುತ್ತದೆ. ಅದಕ್ಕೆ ಹೆದರಬೇಕಿಲ್ಲ, ವಯಸ್ಸಾದ ಡಬ್ಬಿಯಲ್ಲಿ ಇದ್ದದ್ದೇ. ಬೆರಳಲ್ಲಿ ಉಜ್ಜಿದಾಗ ಚುಚ್ಚಬಾರದು. ಚೂರು, ಸಿಪ್ಪೆ, ಹಲ್ಲಿನ ತುಂಡು ಸಿಕ್ಕರೆ ಅವತ್ತೇ ಗಾಡಿ ನಿಲ್ಲಿಸಿ. ಆ ಚೂರು ಇನ್ನೊಂದು ಗೇರಿನ ನಡುವೆ ಸಿಕ್ಕಿದರೆ ಸಾವಿರದ ಕೆಲಸ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಬೆಣ್ಣೆಹಳ್ಳ ಉಕ್ಕಿದಾಗ ನವಲಗುಂದದ ಕಡೆ ನೀರು ದಾಟಿಸಿದ ಗಾಡಿಗಳಲ್ಲಿ ಇದನ್ನು ನೋಡಬಹುದು. ಬಿಸಿ ಡಬ್ಬಿ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲುಗಳಿಂದ, ಗಾಳಿ ಆಡುವ ಬ್ರೀದರಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ತಡ ಮಾಡದೆ ಇಳಿಸಿ ಹೊಸದು ಹಾಕಿ. ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಸೀಲ್ ಎಷ್ಟು ಸಲ ಹಾಕಿದರೂ ಎಣ್ಣೆ ಸೋರುತ್ತದೆ. ಯಾಕೆ?

ಬ್ರೀದರ್ ನೋಡಿದಿರಾ? ಡಬ್ಬಿಯ ತಲೆಯ ಮೇಲೆ ಒಂದು ಸಣ್ಣ ಟೋಪಿಯಂಥದ್ದು ಇರುತ್ತದೆ. ಬಿಸಿಯಾದ ಗಾಳಿ ಹೊರಗೆ ಹೋಗಲು ಅದೇ ದಾರಿ. ನಮ್ಮ ಕಡೆ ಎರೆ ಮಣ್ಣು. ನರಗುಂದ, ಅಣ್ಣಿಗೇರಿ ಹೊಲದ ದಾರಿಯಲ್ಲಿ ಮಳೆಯಲ್ಲಿ ಒಮ್ಮೆ ಓಡಿಸಿದರೆ ಸಾಕು, ಆ ಮಣ್ಣು ಬ್ರೀದರ್ ಮೇಲೆ ಮೆತ್ತಿ, ಒಣಗಿ, ಸಿಮೆಂಟ್ ಹಾಕಿದ ಹಾಗೆ ಕೂರುತ್ತದೆ. ಒಳಗಿನ ಒತ್ತಡಕ್ಕೆ ದಾರಿ ಸಿಗದೆ ಸೀಲನ್ನೇ ತಳ್ಳಿಕೊಂಡು ಎಣ್ಣೆ ಬರುತ್ತದೆ. ನಾನು ಹಿಂದಿನ ಸೀಲನ್ನು ಒಂದೇ ವರ್ಷದಲ್ಲಿ ಮೂರು ಸಲ ಬದಲಾಯಿಸಿದೆ. ನಾಲ್ಕನೇ ಸಲ ಒಬ್ಬ ಮುದುಕ ಮಿಸ್ತ್ರಿ ಒಂದು ತಂತಿ ತುಂಡು ತಗೊಂಡು ಬ್ರೀದರ್ ಚುಚ್ಚಿದ. ಪುಸ್ ಅಂತು. "ಆತು, ಹೋಗ್ರಿ" ಅಂದ. ದುಡ್ಡು ತಗೊಳ್ಳಲಿಲ್ಲ, ಒಂದು ಚಹಾ ಕುಡಿದ.

ಸಿಂಕ್ರೋ ಹೋಗಿದೆ, ಈಗ ದುಡ್ಡಿಲ್ಲ. ಸೀಜನ್ ಮುಗಿಯುವ ತನಕ ಓಡಿಸುವುದು ಹೇಗೆ?

ಡಬಲ್ ಕ್ಲಚ್. ಸಿಂಕ್ರೋ ಇಲ್ಲದ ಕಾಲದ ಡ್ರೈವರುಗಳು ದಿನವಿಡೀ ಓಡಿಸಿದ್ದೇ ಹೀಗೆ. ಮೇಲಿನ ಗೇರಿಗೆ ಹೋಗುವಾಗ: ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ. ಎಂಜಿನ್ ಸದ್ದು ಸ್ವಲ್ಪ ಇಳಿಯಲಿ. ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಿ. ಕೆಳಗಿನ ಗೇರಿಗೆ ಬರುವಾಗ ನಡುವೆ ಒಂದು ಕೆಲಸ ಜಾಸ್ತಿ: ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಎಕ್ಸಲೇಟರ್ ಒಂದು ಗುಕ್ಕು ಕೊಡಿ, ಆಮೇಲೆ ಕ್ಲಚ್ ಒತ್ತಿ ಗೇರ್ ಹಾಕಿ. ರಿಂಗ್ ಮಾಡಬೇಕಿದ್ದ ಕೆಲಸವನ್ನು ನಿಮ್ಮ ಬಲಗಾಲು ಮಾಡುತ್ತದೆ, ಅಷ್ಟೇ.

ಮೊದಲ ದಿನ ಹತ್ತರಲ್ಲಿ ಏಳು ಸಲ ಕರ್ರ್ ಅನ್ನುತ್ತದೆ. ಗಬ್ಬೂರಿನಿಂದ ನರೇಂದ್ರದ ತನಕ ಬೈಪಾಸ್‌ನಲ್ಲಿ ಖಾಲಿ ಗಾಡಿ ಒಂದೆರಡು ಸಲ ಹೊಡೆಯಿರಿ, ಕಿವಿಗೆ ಹತ್ತುತ್ತದೆ. ನಾನು ಒಂದು ಇಡೀ ಮೆಣಸಿನಕಾಯಿ ಸೀಜನ್ ಹೀಗೇ ಓಡಿಸಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸಾಲು ನಿಂತಾಗ ಮೊದಲನೇ ಗೇರ್, ನ್ಯೂಟ್ರಲ್, ಮೊದಲನೇ ಗೇರ್, ನ್ಯೂಟ್ರಲ್. ಒಂದು ಕಡೆ ಮೆಣಸಿನಕಾಯಿ ಘಾಟಿಗೆ ಕೆಮ್ಮು, ಇನ್ನೊಂದು ಕಡೆ ಎಡಮೊಣಕಾಲು ನೋವು. ಆದರೆ ಡಬ್ಬಿ ತಾಳಿತು.

ಬೇರಿಂಗ್ ಸದ್ದು ಇದ್ದರೆ ಮಾತ್ರ ಹೀಗೆ ದಿನ ದೂಡಬೇಡಿ. ರಿಂಗ್ ಹೋದರೆ ರಿಂಗ್ ಮಾತ್ರ ಹೋಗುತ್ತದೆ. ಬೇರಿಂಗ್ ಒಡೆದರೆ ಶಾಫ್ಟು ಸೊಟ್ಟಗೆ ನಿಂತು ಎಲ್ಲ ಹಲ್ಲನ್ನೂ ತಿನ್ನುತ್ತದೆ.

ದಾರಿಯಲ್ಲಿ ಪೂರ್ತಿ ಕೈಕೊಟ್ಟಿತು. ಎಳೆದುಕೊಂಡು ಬರುವುದು ಹೇಗೆ?

ಇಲ್ಲೇ ಬಹಳ ಜನ ಇದ್ದ ಡಬ್ಬಿಯನ್ನೂ ಸುಟ್ಟುಕೊಳ್ಳುವುದು. ನ್ಯೂಟ್ರಲ್ ಇದೆ, ಹಗ್ಗ ಕಟ್ಟಿ ಎಳೆದರೆ ಆಯ್ತು ಅಂದುಕೊಳ್ಳುತ್ತಾರೆ. ಹಿಂದಿನ ಗಾಲಿ ತಿರುಗಿದರೆ ಜಾಯಿಂಟ್ ಶಾಫ್ಟು, ಅದರ ಜೊತೆ ಡಬ್ಬಿಯ ಮೇನ್ ಶಾಫ್ಟು ತಿರುಗುತ್ತದೆ. ಆದರೆ ಎಣ್ಣೆಯನ್ನು ಮೇಲಕ್ಕೆ ಎರಚುವುದು ಕೆಳಗಿನ ಲೇ ಶಾಫ್ಟು. ಎಂಜಿನ್ ಬಂದ್ ಇದ್ದಾಗ ಅದು ನಿಂತಿರುತ್ತದೆ. ಮೇಲಿನ ಶಾಫ್ಟು ಒಣಗಿ ಓಡುತ್ತದೆ. ಲಕ್ಷ್ಮೇಶ್ವರದಿಂದ ಹುಬ್ಬಳ್ಳಿ ತನಕ ಹಾಗೆ ಎಳೆದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಹೌಸಿಂಗ್ ಕಡೆಯ ಜಾಯಿಂಟ್ ಶಾಫ್ಟಿನ ಬೋಲ್ಟ್ ಬಿಚ್ಚಿ, ಶಾಫ್ಟನ್ನು ಚಾಸಿಗೆ ಗಟ್ಟಿಯಾಗಿ ಕಟ್ಟಿ, ಆಮೇಲೆ ಎಳೆಯಿರಿ. ಬಿಚ್ಚುವ ಮುಂಚೆ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಶಾಫ್ಟು ಬಿಚ್ಚಿದ ಮೇಲೆ ಗೇರಿನಲ್ಲಿ ನಿಲ್ಲಿಸಿದ್ದೇನೆ ಅನ್ನುವ ಧೈರ್ಯ ಇರುವುದಿಲ್ಲ. ಕೆಲವು ಗಾಡಿಗಳಲ್ಲಿ ಹ್ಯಾಂಡ್ ಬ್ರೇಕೇ ಡಬ್ಬಿಯ ಹಿಂದೆ ಇರುತ್ತದೆ, ಅದೂ ಕೆಲಸಕ್ಕೆ ಬರುವುದಿಲ್ಲ. ಬಿಚ್ಚಿದ ಬೋಲ್ಟು ನಟ್ಟು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳಿ, ರಸ್ತೆ ಪಕ್ಕ ಇಟ್ಟರೆ ಅಲ್ಲೇ ಉಳಿಯುತ್ತವೆ.

ಕ್ಲಚ್ ಮಾತ್ರ ಕೈಕೊಟ್ಟು ಡಬ್ಬಿ ಚೆನ್ನಾಗಿದ್ದರೆ, ಎಳೆಯುವುದೇ ಬೇಡ. ಎಂಜಿನ್ ಬಂದ್ ಮಾಡಿ ಮೊದಲನೇ ಗೇರ್ ಹಾಕಿ, ಮುಂದೆ ಯಾರೂ ಇಲ್ಲ ಅಂತ ನೋಡಿ, ಸೆಲ್ಫ್ ಹೊಡೆಯಿರಿ. ಗಾಡಿ ಗುದ್ದಿಕೊಂಡು ಹೊರಡುತ್ತದೆ. ಖಾಲಿ ರಸ್ತೆಯಲ್ಲಿ, ಹತ್ತಿರದ ಗ್ಯಾರೇಜಿನ ತನಕ ಮಾತ್ರ ಈ ಆಟ.

ಡಬ್ಬಿ ಬಿಚ್ಚಿ ರಿಪೇರಿ ಮಾಡಿಸಲೋ, ಗುಜರಿಯಿಂದ ಇಡೀ ಡಬ್ಬಿ ತರಲೋ?

ಒಂದೆರಡು ಬೇರಿಂಗ್, ರಿಂಗ್, ಸೀಲು ಅಂದರೆ ರಿಪೇರಿ. ಗೇರಿನ ಹಲ್ಲು ಮುರಿದಿದ್ದರೆ, ಶಾಫ್ಟು ಹಾಳಾಗಿದ್ದರೆ ಗುಜರಿ. ಹಲ್ಲು ಹೋದ ಗೇರನ್ನು ಒಂದೇ ಬದಲಾಯಿಸಿದರೆ ಆಗುವುದಿಲ್ಲ, ಅದಕ್ಕೆ ಕಚ್ಚುವ ಜೋಡಿಯನ್ನೂ ಬದಲಾಯಿಸಬೇಕು. ಹೊಸದು ಹಳೇದು ಜೋಡಿ ಮಾಡಿದರೆ ಕೂಗುತ್ತದೆ, ಹೊಸದೂ ಬೇಗ ಹೋಗುತ್ತದೆ. ಜೋಡಿಯ ಬೆಲೆ ಲೆಕ್ಕ ಹಾಕಿದರೆ ಹಳೇ ಡಬ್ಬಿಯೇ ಸೋವಿ ಬೀಳುತ್ತದೆ.

ಗುಜರಿ ಡಬ್ಬಿ ನೋಡುವಾಗ ನಿಮ್ಮ ಹಳೇದನ್ನು ಜೊತೆಗೇ ಒಯ್ಯಿರಿ. ಆಗದಿದ್ದರೆ ಕನಿಷ್ಠ ಕ್ಲಚ್ ಪ್ಲೇಟ್ ಒಯ್ಯಿರಿ. ಮುಂದಿನ ಶಾಫ್ಟಿನ ಗೀರುಗಳಿಗೆ ಪ್ಲೇಟ್ ಸಲೀಸಾಗಿ ಕೂರಬೇಕು. ಹಿಂದಿನ ಫ್ಲ್ಯಾಂಜಿನ ತೂತು, ಬೆಲ್ ಹೌಸಿಂಗ್, ಮೌಂಟಿಂಗ್ ಜಾಗ ಎಲ್ಲ ಅಳೆಯಿರಿ. ಒಂದೇ ಹೆಸರಿನ ಗಾಡಿಗೂ ವರ್ಷಕ್ಕೊಂದು ಬದಲಾವಣೆ ಇರುತ್ತದೆ. ಶಾಫ್ಟು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಪ್ರತಿ ಗೇರೂ ಹಾಕಿ ಕೈಯಲ್ಲೇ ತಿರುಗಿಸಿ. ಮೇಲಿನ ಕವರ್ ತೆಗೆಯಲು ಬಿಡುತ್ತಾರಾ ಕೇಳಿ. ಬಿಡದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಒಳಗೆ ತುಕ್ಕಿನ ಕೆಂಪು ಕಂಡರೆ ಮಳೆಯಲ್ಲಿ ಬಿದ್ದಿದ್ದ ಡಬ್ಬಿ ಅದು. "ಗ್ಯಾರಂಟಿ ಐತ್ರಿ" ಅನ್ನುವ ಮಾತನ್ನು ಬಿಲ್ ಮೇಲೆ ಬರೆಸಿ. ಬರೆಯುವಾಗ ಎಷ್ಟೋ ಗ್ಯಾರಂಟಿಗಳು ತಿಂಗಳಿಂದ ವಾರಕ್ಕೆ ಇಳಿಯುತ್ತವೆ.

ಯಾವುದೇ ಆಗಲಿ, ಡಬ್ಬಿ ಕೆಳಗೆ ಬಂದಾಗ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ನೋಡಿ. ಅರ್ಧ ಸವೆದಿದ್ದರೂ ಬದಲಾಯಿಸಿ. ಇಳಿಸಿ ಏರಿಸುವ ಕೂಲಿ ಹೇಗೂ ಕೊಟ್ಟಾಗಿದೆ ಅಲ್ವಾ?

ಗ್ಯಾರೇಜಿನಲ್ಲಿ ಮೋಸ ಹೋಗದಿರಲು ಏನು ಮಾಡಬೇಕು?

ಬಿಚ್ಚುವ ದಿನ ಅಲ್ಲೇ ಕೂರಿ. ಬಾಡಿಗೆ ಒಂದು ದಿನದ್ದು ಹೋದರೂ ಪರವಾಗಿಲ್ಲ.

ನನಗೆ ಒಮ್ಮೆ ಆದದ್ದು ಇದು. ಊರು, ಗ್ಯಾರೇಜು ಹೇಳುವುದಿಲ್ಲ. ಎರಡು, ಮೂರನೇ ಗೇರಿನ ರಿಂಗ್ ಬದಲಾಯಿಸಿದ್ದೇವೆ ಅಂತ ಬಿಲ್ ಕೊಟ್ಟರು. ಒಂದು ತಿಂಗಳಿಗೆ ಮತ್ತೆ ಅದೇ ಕರ್ರ್. ಬೇರೆ ಕಡೆ ಬಿಚ್ಚಿಸಿದೆ. ಒಳಗೆ ಹಳೇ ರಿಂಗುಗಳೇ ಕೂತಿದ್ದವು, ಪೆಟ್ರೋಲಿನಲ್ಲಿ ತೊಳೆದು ಹೊಳಪು ಕೊಟ್ಟಿದ್ದರು. ಹೇಗೆ ಗೊತ್ತಾಯ್ತು ಅಂದರೆ, ಅದರಲ್ಲಿ ಒಂದು ರಿಂಗಿನ ಹಲ್ಲು ಮುಕ್ಕಾಗಿದ್ದನ್ನು ನಾನು ಮೊದಲ ಸಲವೇ ಮೊಬೈಲಿನಲ್ಲಿ ಫೋಟೋ ಹೊಡೆದಿದ್ದೆ. ಅದೇ ಮುಕ್ಕು, ಅದೇ ಜಾಗ.

ಅವತ್ತಿನಿಂದ ಮೂರು ಅಭ್ಯಾಸ ಮಾಡಿಕೊಂಡೆ. ತೆಗೆದ ಪ್ರತಿ ಸಾಮಾನನ್ನೂ ಒಂದು ಗೋಣಿಚೀಲದಲ್ಲಿ ವಾಪಸ್ ಕೇಳುತ್ತೇನೆ. ಹೊಸ ಸಾಮಾನನ್ನು ನಾನೇ ತಂದು, ಡಬ್ಬ ಒಡೆಯುವುದನ್ನು ನೋಡುತ್ತೇನೆ. ರಿಂಗ್ ಹಾಕುವ ಮುಂಚೆ ನಾನೇ ಕೈಯಿಂದ ಅದರ ಕೋನ್ ಮೇಲೆ ಒತ್ತಿ ತಿರುಗಿಸಿ ನೋಡುತ್ತೇನೆ. ಒಳ್ಳೇ ರಿಂಗ್ ಕಚ್ಚಿ ಹಿಡಿಯುತ್ತದೆ, ಸತ್ತ ರಿಂಗ್ ಬಳೆಯ ಹಾಗೆ ತಿರುಗುತ್ತದೆ. ರಿಂಗಿಗೂ ಗೇರಿಗೂ ನಡುವೆ ಸಂದು ಉಳಿಯಬೇಕು, ಸಂದೇ ಇಲ್ಲದಿದ್ದರೆ ರಿಂಗ್ ಮುಗಿದ ಹಾಗೆ. ಒಳ್ಳೇ ಮಿಸ್ತ್ರಿಗಳು ಇದಕ್ಕೆ ಸಿಟ್ಟಾಗುವುದಿಲ್ಲ. ಸಂದು ಅಳೆಯುವ ಫೀಲರ್ ಗೇಜ್ ಕೈಗೆ ಕೊಟ್ಟು "ನೀವೇ ನೋಡ್ರಿ" ಅನ್ನುತ್ತಾರೆ.

ನಾವೇ ಮನೆ ಮುಂದೆ ಇಳಿಸಬಹುದಾ?

ಇಬ್ಬರು ಗಟ್ಟಿಗರು, ಒಂದು ಸರಿಯಾದ ಜಾಕ್, ನಾಲ್ಕು ಗಟ್ಟಿ ಮರದ ದಿಮ್ಮಿ ಇದ್ದರೆ ಇಳಿಸಬಹುದು. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ. ಏರಿಸುವಾಗ ಡಬ್ಬಿಯ ಭಾರವನ್ನು ಕ್ಲಚ್ ಪ್ಲೇಟಿನೊಳಗೆ ತೂರಿದ ಶಾಫ್ಟಿನ ಮೇಲೆ ಒಂದು ಕ್ಷಣವೂ ಜೋತು ಬಿಡಬೇಡಿ, ಪ್ಲೇಟ್ ಬಾಗುತ್ತದೆ. ಆಮೇಲೆ ಹೊಸ ಕ್ಲಚ್ ಹಾಕಿದರೂ ಗೇರ್ ಬೀಳುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ಒಳಗಿನ ಕೆಲಸ ಮಾತ್ರ ಬಲ್ಲವರಿಗೆ ಬಿಡಿ.

ಇನ್ಶೂರೆನ್ಸಿನಲ್ಲಿ ಬರುತ್ತಾ?

ಇಲ್ಲ. ಸವೆತಕ್ಕೆ, ತಾನಾಗಿ ಕೆಟ್ಟದ್ದಕ್ಕೆ ಮಾಮೂಲಿ ಪಾಲಿಸಿ ಕೊಡುವುದಿಲ್ಲ.

ನ್ಯೂಟ್ರಲ್ ಹೊಡೆದರೆ ಡೀಸೆಲ್ ಉಳಿಯುತ್ತದೆ, ಡಬ್ಬಿಗೂ ಆರಾಮು ಅನ್ನುತ್ತಾರೆ. ನಿಜವಾ?

ಇಳಿಜಾರಿನಲ್ಲಿ ಗೇರಿನಲ್ಲೇ ಇದ್ದು ಎಕ್ಸಲೇಟರ್ ಬಿಟ್ಟರೆ ಡೀಸೆಲ್ ಪಂಪಿನ ಗವರ್ನರ್ ಡೀಸೆಲ್ಲನ್ನು ಹೆಚ್ಚು ಕಡಿಮೆ ಬಂದ್ ಮಾಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನಾಗಿ ತಿರುಗಬೇಕಾದ್ದರಿಂದ ಡೀಸೆಲ್ ಬೇಕೇ ಬೇಕು. ಉಳಿತಾಯ ಎಲ್ಲಿಂದ ಬಂತು? ಮೇಲಾಗಿ ಕೆಳಗೆ ಮುಟ್ಟಿದ ಮೇಲೆ ಜೋರು ವೇಗದಲ್ಲಿ ಮತ್ತೆ ಗೇರ್ ಹಾಕುವಾಗ ಬಡಿತ ತಿನ್ನುವುದು ಅದೇ ಬಡಪಾಯಿ ರಿಂಗ್. ಅರಬೈಲ್ ಕಥೆ ಮೇಲೆ ಹೇಳಿದ್ದೇನೆ.

ಹಳೇ ಲಾರಿ ಕೊಳ್ಳುವಾಗ ಗೇರ್ ಬಾಕ್ಸ್ ಹೇಗೆ ನೋಡುವುದು?

ತಣ್ಣಗಿರುವಾಗ ನೋಡಿ. ಮಾರುವವರು ಮುಂಚೆಯೇ ಓಡಿಸಿ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ಗಾಡಿಯ ಕೆಳಭಾಗ ಮಾತ್ರ ಹೊಸದಾಗಿ ತೊಳೆದಿದ್ದರೆ ಸೋರಿಕೆ ಮುಚ್ಚಿದ್ದಾರೆ. ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿ. ಸದ್ದು ಮುಚ್ಚಲು ಗ್ರೀಸ್, ಬಹಳ ಗಟ್ಟಿ ಎಣ್ಣೆ ಹಾಕುವುದುಂಟು. ಕಟ್ಟಿಗೆ ಪುಡಿ ಹಾಕುವ ಹಳೇ ವಿದ್ಯೆಯೂ ಇದೆ. ಬೆರಳಿಗೆ ಅಂಟಂಟಾಗಿ, ರವೆಯಂತೆ ಏನಾದರೂ ಹತ್ತಿದರೆ ಕೈ ಒರೆಸಿಕೊಂಡು ಮನೆಗೆ ಬನ್ನಿ.

ಓಡಿಸುವಾಗ ಪ್ರತಿ ಗೇರಿನಲ್ಲೂ ಜೋರಾಗಿ ಎಳೆದು, ಒಮ್ಮೆಲೇ ಎಕ್ಸಲೇಟರ್ ಬಿಡಿ. ಜಿಗಿಯುವ ಗೇರ್ ಆಗಲೇ ಜಿಗಿಯುತ್ತದೆ. ಸಾಧ್ಯವಾದರೆ ಲೋಡಿನಲ್ಲಿ ನೋಡಿ, ಖಾಲಿ ಗಾಡಿಯಲ್ಲಿ ಎಲ್ಲ ಡಬ್ಬಿಗಳೂ ಸಾಧುಗಳೇ. ಬ್ಯಾಕ್ ಗೇರನ್ನೂ ಮರೆಯಬೇಡಿ, ಏರಿನಲ್ಲಿ ಹಿಂದಕ್ಕೆ ಹತ್ತಿಸಿ ನೋಡಿ.

ಯಾವಾಗ ಸಾಕು ಅನ್ನಬೇಕು?

ನನ್ನ ಲೆಕ್ಕ ಇಷ್ಟು. ಡಬ್ಬಿಯ ಖರ್ಚು ಎರಡು ಮೂರು ತಿಂಗಳ ನಿವ್ವಳ ದುಡಿಮೆಯಲ್ಲಿ ಬರುವುದಾದರೆ ಮಾಡಿಸುತ್ತೇನೆ. ಗಾಡಿಯ ಮಾರಾಟ ಬೆಲೆಯ ಜೊತೆ ಹೋಲಿಸುವವರಿದ್ದಾರೆ, ನಾನು ಹೋಲಿಸುವುದಿಲ್ಲ. ಒಂದು ಮುಕ್ಕಾಲು ಲಕ್ಷಕ್ಕೆ ತಗೊಂಡ ಗಾಡಿಗೆ ಏನು ಖರ್ಚು ಮಾಡಿದರೂ ಜಾಸ್ತಿಯೇ ಅನ್ನಿಸುತ್ತದೆ. ಆದರೆ ಕಂತಿಲ್ಲದ ಗಾಡಿ ಅದು. ಹೊಸ ಗಾಡಿಯ ನಾಲ್ಕು ಕಂತಿನಲ್ಲಿ ನನ್ನ ಡಬ್ಬಿಯ ಕೆಲಸ ಮುಗಿದು ದುಡ್ಡು ಮಿಕ್ಕಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ವರ್ಷಕ್ಕೊಮ್ಮೆ ಮಾಡಿಸಬೇಕು. ಡಬ್ಬಿಯ ಜೊತೆ ಚಾಸಿ ತುಕ್ಕು, ಎಂಜಿನ್ ಹೊಗೆ ಎಲ್ಲ ಸೇರಿ ಎಫ್‌ಸಿಗೇ ದೊಡ್ಡ ಖರ್ಚು ಕಾದಿದ್ದರೆ ಆಗ ಡಬ್ಬಿಗೆ ಕೈ ಹಾಕಬೇಡಿ. ಮೊದಲು ಚಾಸಿ ಕೆಳಗೆ ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ ಅನ್ನಬೇಕು, ಡಬ್ ಅನ್ನಬಾರದು.

ನಿಮ್ಮ ಗಾಡಿ ಈಗ ಹೇಗಿದೆ?

ಮೂರನೇ ಗೇರ್ ಚಳಿಗಾಲದ ಬೆಳಿಗ್ಗೆ ಒಂದೆರಡು ಸಲ ಗೊಣಗುತ್ತದೆ. ಎಣ್ಣೆ ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ಹಿಂದಿನ ಸೀಲಿನಿಂದ ಮತ್ತೆ ಹನಿ ಶುರುವಾಗಿದೆ, ಈ ಸಲ ಬ್ರೀದರ್ ಸ್ವಚ್ಛವಾಗಿಯೇ ಇದೆ. ಸೋಮವಾರ ಬ್ಯಾಡಗಿಗೆ ಲೋಡಿದೆ. ಬಂದ ಮೇಲೆ ನೋಡಿಸಬೇಕು.